ನಾಣ್ಯ ಆಮೇಲೆ, ಮಾರುವವರು ಮೊದಲು: ಹಳೇ ನಾಣ್ಯದ ವ್ಯಾಪಾರಿಯನ್ನು ವಿಚಾರಿಸಿಕೊಳ್ಳುವುದು ಹೇಗೆ?

ನನ್ನ ಹತ್ತಿರ 1939ನೇ ಇಸವಿಯ ಒಂದು ಬೆಳ್ಳಿ ರೂಪಾಯಿ ಇದೆ. ಆರನೇ ಜಾರ್ಜ್ ದೊರೆಯ ತಲೆ ಇರುವಂಥದ್ದು. ಅದನ್ನು ಕೊಂಡು ತಂದ ವಾರ ಸಾಗರದಲ್ಲಿ ನಮ್ಮ ಪರಿಚಯದ ಶೇಟ್ರ ಅಂಗಡಿಗೆ ಹೋಗಿ ತೋರಿಸಿದೆ. ಅವರು ತೂಗಿದರು. ಬ್ರಿಟಿಷರ ರೂಪಾಯಿಗೆ ಇರಬೇಕಾದ 11.66 ಗ್ರಾಂ ಸರಿಯಾಗಿ ಬಂತು. ಒರೆಗಲ್ಲಿಗೆ ಉಜ್ಜಿದರು. "ಬೆಳ್ಳಿ ಚೊಲೋ ಇದೆ ಮಾರಾಯ್ರೇ" ಅಂದರು. ನಾನು ಖುಷಿಯಾಗಿ ಮನೆಗೆ ಬಂದೆ.

ಮೂರು ತಿಂಗಳ ನಂತರ ನನಗಿಂತ ಹಳಬರಾದ ಒಬ್ಬ ಸಂಗ್ರಹಕಾರರು ಅದನ್ನು ಲೆನ್ಸ್ ಹಿಡಿದು ನೋಡಿ ಸುಮ್ಮನೆ ನನ್ನ ಮುಖ ನೋಡಿದರು. ಅದು 1938ರ ರೂಪಾಯಿ. ಕೊನೆಯ 8ನ್ನು ಯಾರೋ ಸೂಕ್ಷ್ಮವಾಗಿ ಕೆತ್ತಿ 9 ಮಾಡಿದ್ದರು. 1938ರದ್ದು ಎಲ್ಲಿ ಬೇಕಾದರೂ ಸಿಗುತ್ತದೆ. 1939ರದ್ದು ಅಪರೂಪ, ಬೆಲೆ ಹತ್ತಾರು ಪಟ್ಟು ಜಾಸ್ತಿ. ಬೆಳ್ಳಿ ನಿಜ, ತೂಕ ನಿಜ, ಸುಳ್ಳು ಇದ್ದದ್ದು ಒಂದೇ ಅಂಕಿಯಲ್ಲಿ.

ಮಾರಿದವರು ಬೇರೆ ಊರಿನ ಒಂದು ನಾಣ್ಯ ಮೇಳದಲ್ಲಿ ಮೇಜು ಹಾಕಿದ್ದವರು. ಕೊಟ್ಟ ಕಾರ್ಡಿನಲ್ಲಿ ಹೆಸರು ಮತ್ತು ಮೊಬೈಲ್ ನಂಬರ್, ಅಷ್ಟೇ. ಬಿಲ್ ಇಲ್ಲ. ಫೋನ್ ಮಾಡಿದರೆ "ನೀವೇ ನೋಡಿ ತಗೊಂಡಿದ್ದಲ್ವಾ?" ಅಂದರು. ಮಾತು ತಪ್ಪೇನಲ್ಲ. ನಾನು ನಾಣ್ಯವನ್ನು ನೋಡಿದ್ದೆ, ಅವರನ್ನು ನೋಡಿರಲಿಲ್ಲ.

ನಮ್ಮ ಕಡೆ ಅಡಿಕೆ ಬೆಳೆದವರು ಹೊಸ ಮಂಡಿಗೆ ಒಂದು ಚೀಲ ಇಳಿಸುವ ಮುಂಚೆ ಹತ್ತು ಜನರನ್ನು ಕೇಳುತ್ತಾರೆ. ತೂಕ ಹೇಗೆ, ದುಡ್ಡು ಯಾವಾಗ ಕೊಡುತ್ತಾರೆ, ಕಳೆದ ವರ್ಷ ಯಾರ ಜೊತೆ ಜಗಳ ಆಯಿತು, ಎಲ್ಲ. ಆ ವಿಚಾರಣೆಯನ್ನು ನಾಣ್ಯಕ್ಕೂ ಮಾಡಬೇಕು. ನಾನು ಈಗ ಹೇಗೆ ಮಾಡುತ್ತೇನೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು: ವಿಚಾರಣೆಯೇ ಬೇಡದವರು

ಕೆಲವರ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಬಾಗಿಲಲ್ಲೇ ಕೈ ಮುಗಿದು ಕಳಿಸಿ.

ಒಂದನೆಯವರು, "ಪಾಯ ತೆಗೆಯುವಾಗ ಬಂಗಾರದ ನಾಣ್ಯ ಸಿಕ್ಕಿದೆ" ಎಂದು ಫೋನ್ ಮಾಡುವವರು. ಶಿವಮೊಗ್ಗ, ದಾವಣಗೆರೆ ಸುತ್ತಮುತ್ತ ಈ ಕಥೆ ಎಷ್ಟು ಸಲ ಪತ್ರಿಕೆಯಲ್ಲಿ ಬಂದಿದೆಯೋ ಲೆಕ್ಕ ಇಲ್ಲ. ಆದರೂ ಜನ ಬೀಳುತ್ತಲೇ ಇದ್ದಾರೆ. ನಡೆಯುವುದು ಹೀಗೆ. ಮೊದಲು ಒಂದೋ ಎರಡೋ ಸಣ್ಣ ನಾಣ್ಯ ಕೊಡುತ್ತಾರೆ. "ಎಲ್ಲಿ ಬೇಕಾದರೂ ಪರೀಕ್ಷೆ ಮಾಡಿಸಿ" ಅನ್ನುತ್ತಾರೆ. ಅದು ನಿಜವಾದ ಚಿನ್ನವೇ ಆಗಿರುತ್ತದೆ. ಅಲ್ಲಿಗೆ ನಮ್ಮ ಅನುಮಾನ ಸತ್ತುಹೋಗುತ್ತದೆ. ಆಮೇಲೆ ಕಿಲೋ ಲೆಕ್ಕದಲ್ಲಿ ವ್ಯಾಪಾರ, ಊರ ಹೊರಗಿನ ತೋಟದಲ್ಲೋ ರಸ್ತೆ ಬದಿಯಲ್ಲೋ. ಗಂಟಿನಲ್ಲಿ ಇರುವುದು ಹಿತ್ತಾಳೆ. ಕೆಲವು ಸಲ ಅದೂ ಇಲ್ಲ, ಹೊಡೆದು ದುಡ್ಡು ಕಿತ್ತುಕೊಂಡು ಹೋಗುತ್ತಾರೆ. ಇನ್ನೊಂದು ಮಾತು. ಅಕಸ್ಮಾತ್ ಅದು ನಿಜವಾದ ನಿಧಿಯೇ ಆಗಿದ್ದರೂ ಕೊಳ್ಳುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂಬ ಕಾನೂನು ಇದೆ. ಹಾಗಾಗಿ ಮೋಸಹೋದವರು ಪೊಲೀಸರ ಹತ್ತಿರ ಹೋಗಲೂ ಹಿಂಜರಿಯುತ್ತಾರೆ. ಮೋಸಗಾರರಿಗೆ ಬೇಕಾದದ್ದೂ ಅದೇ.

ಎರಡನೆಯವರು, ಅಕ್ಕಿ ಎಳೆಯುವ ನಾಣ್ಯ, ಅಕ್ಕಿ ಎಳೆಯುವ ತಂಬಿಗೆ ಎಂದು ಬರುವವರು. ಇದಕ್ಕೆ ರೈಸ್ ಪುಲ್ಲಿಂಗ್ ಎಂದು ಹೆಸರು. ಯಾವ ನಾಣ್ಯವೂ ಅಕ್ಕಿ ಎಳೆಯುವುದಿಲ್ಲ.

ಮೂರನೆಯವರು, ರಾಮ, ಸೀತೆ, ಹನುಮಂತ ಇರುವ 1818ರ "ಈಸ್ಟ್ ಇಂಡಿಯಾ ಕಂಪನಿ" ನಾಣ್ಯವನ್ನು ಲಕ್ಷಕ್ಕೆ ಹೇಳುವವರು. ಕಂಪನಿ ಸರ್ಕಾರ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ದೇವರ ಮನೆಯಲ್ಲಿಟ್ಟು ಪೂಜೆ ಮಾಡಲು ಅಡ್ಡಿಯಿಲ್ಲ, ದುಡ್ಡು ಸುರಿಯಬೇಡಿ. ಇದು ಯಾರ ಮೇಜಿನ ಮೇಲೆ ಅಪರೂಪದ ನಾಣ್ಯ ಅಂತ ಕುಳಿತಿದೆಯೋ, ಅವರ ಮಿಕ್ಕ ಮಾಲನ್ನೂ ನಾನು ನೋಡುವುದಿಲ್ಲ. ಅವರಿಗೆ ಗೊತ್ತಿಲ್ಲ ಎಂದಾದರೂ ಕಷ್ಟ, ಗೊತ್ತಿದ್ದೇ ಮಾರುತ್ತಿದ್ದಾರೆ ಎಂದರೆ ಇನ್ನೂ ಕಷ್ಟ.

ನಾಲ್ಕನೆಯವರು ಕೊಳ್ಳುವ ವೇಷದಲ್ಲಿ ಬರುತ್ತಾರೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ, ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ರಿಸರ್ವ್ ಬ್ಯಾಂಕಿನ ಶುಲ್ಕ ಕಟ್ಟಿ ಎನ್ನುತ್ತಾರೆ. ಹಳೇ ನೋಟು ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕ ಕಮಿಷನ್ ಕೇಳುವುದಿಲ್ಲ, ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿದೆ.

ಇಷ್ಟು ಜನರನ್ನು ತೆಗೆದುಹಾಕಿದ ಮೇಲೆ ಉಳಿಯುವವರು ನಿಜವಾದ ವ್ಯಾಪಾರಿಗಳು. ಅವರಲ್ಲಿ ಒಳ್ಳೆಯವರು ಯಾರು ಅನ್ನುವುದು ಮುಂದಿನ ಕೆಲಸ.

ಕಾಗದದಲ್ಲಿ ಈ ಮನುಷ್ಯ ಇದ್ದಾರಾ?

ಪೂರ್ತಿ ಹೆಸರು, ಅಂಗಡಿ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಕೇಳಿ. ಸಂಕೋಚ ಬೇಡ. ಒಳ್ಳೆಯ ವ್ಯಾಪಾರಿಗೆ ಇದರಿಂದ ಬೇಜಾರಾಗುವುದಿಲ್ಲ.

ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ ಮತ್ತು ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33. ಮುಂದಿನ ಹತ್ತು ಅವರ ಪ್ಯಾನ್ ನಂಬರ್. "ನಮ್ಮ ಅಂಗಡಿ ಬೆಂಗಳೂರಲ್ಲೇ ಇದೆ" ಎನ್ನುವವರ ನಂಬರ್ 29ರಿಂದ ಶುರುವಾಗದಿದ್ದರೆ ಯಾಕೆ ಎಂದು ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಈ ನಂಬರ್ ಹಾಕಿದರೆ ಲಾಗಿನ್ ಇಲ್ಲದೆಯೇ ವಿವರ ಬರುತ್ತದೆ. ಕಾನೂನಿನ ಹೆಸರು, ಅಂಗಡಿ ಹೆಸರು, ನೋಂದಣಿ ದಿನಾಂಕ, ಈಗ ಚಾಲ್ತಿಯಲ್ಲಿದೆಯಾ ಅಥವಾ ರದ್ದಾಗಿದೆಯಾ, ಎಲ್ಲ ಗೊತ್ತಾಗುತ್ತದೆ. ರದ್ದಾದ ನಂಬರನ್ನೇ ಕಾರ್ಡಿನಲ್ಲಿ ಮುದ್ರಿಸಿಕೊಂಡವರೂ ಇರುತ್ತಾರೆ.

ಇಲ್ಲಿ ಎರಡು ಎಚ್ಚರಿಕೆ. ಜಿಎಸ್‌ಟಿ ಬಂದದ್ದೇ 2017ರ ಜುಲೈ 1ರಂದು. ಹಾಗಾಗಿ ನೋಂದಣಿ ದಿನಾಂಕ ನೋಡಿ "ಮೂವತ್ತು ವರ್ಷದ ಅಂಗಡಿ ಅಂದಿದ್ದು ಸುಳ್ಳು" ಎಂದು ತೀರ್ಮಾನಿಸಬೇಡಿ. ಇನ್ನೊಂದು, ಸಣ್ಣ ವಹಿವಾಟಿನವರು ನೋಂದಣಿ ಮಾಡಿಸಲೇಬೇಕು ಎಂದಿಲ್ಲ. ಜಿಎಸ್‌ಟಿ ಇಲ್ಲ ಅಂದ ಮಾತ್ರಕ್ಕೆ ಕಳ್ಳರಲ್ಲ. ಆದರೆ ಇದೆ ಎಂದು ಹೇಳಿ ಸುಳ್ಳು ನಂಬರ್ ಕೊಟ್ಟರೆ ಅಲ್ಲಿಗೆ ಮುಗಿಯಿತು.

ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಪುರಾವಸ್ತು ಮಾರುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು. ಕೆಳದಿ ಕಾಲದ್ದು, ಟಿಪ್ಪು ಕಾಲದ್ದು ಮಾರುವವರನ್ನು "ಲೈಸೆನ್ಸ್ ಇದೆಯಾ?" ಎಂದು ಕೇಳಿ. ಉತ್ತರದ ಜೊತೆಗೆ ಮುಖವನ್ನೂ ನೋಡಿ. ಪರವಾನಗಿ ಇದ್ದರೂ ಖಾಸಗಿಯವರು ಇಂಥದ್ದನ್ನು ದೇಶದ ಹೊರಗೆ ಕಳಿಸುವಂತಿಲ್ಲ. "ಫಾರಿನ್‌ಗೂ ಕಳಿಸ್ತೀವಿ, ಏನೂ ತೊಂದರೆ ಇಲ್ಲ" ಎಂದು ಹೆಮ್ಮೆಪಡುವವರು ನಮ್ಮಂಥವರಿಗೆ ಬೇಡ.

ದೊಡ್ಡ ಮೊತ್ತದ ವ್ಯವಹಾರವಾದರೆ ಇ-ಕೋರ್ಟ್ಸ್ ತಾಣದಲ್ಲಿ ಅವರ ಊರಿನ ನ್ಯಾಯಾಲಯ ಆರಿಸಿ ಹೆಸರು ಹಾಕಿ ಹುಡುಕಿ. ಒಂದೇ ಹೆಸರಿನವರು ಬಹಳ ಜನ ಇರುತ್ತಾರೆ, ವಿಳಾಸ ಹೊಂದಿಸಿ ನೋಡಬೇಕು. ಒಂದು ಕೇಸ್ ಇದ್ದರೆ ಅದೇನು ದೊಡ್ಡ ವಿಷಯ ಅಲ್ಲ. ಐದಾರು ಗಿರಾಕಿಗಳು ಕೋರ್ಟಿಗೆ ಹೋಗಿದ್ದರೆ ಅರ್ಥ ಬೇರೆ.

ಕಂಡವರ ಬಾಯಲ್ಲಿ ಕೇಳಿ, ಸರಿಯಾದ ಪ್ರಶ್ನೆ ಕೇಳಿ

ಇದೇ ಮುಖ್ಯ ಕೆಲಸ. ಅಂತರ್ಜಾಲದ ಐದು ನಕ್ಷತ್ರಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. "ಸೂಪರ್ ಸರ್ವಿಸ್", "ಗುಡ್ ಪರ್ಸನ್" ಎಂದು ಒಂದೇ ವಾರದಲ್ಲಿ ಇಪ್ಪತ್ತು ಜನ ಬರೆದಿದ್ದರೆ ಅದನ್ನು ಓದಿ ಏನು ಮಾಡುವುದು? ಕಡಿಮೆ ನಕ್ಷತ್ರ ಕೊಟ್ಟವರು ಏನು ಬರೆದಿದ್ದಾರೆ, ಅದಕ್ಕೆ ವ್ಯಾಪಾರಿ ಏನು ಉತ್ತರ ಕೊಟ್ಟಿದ್ದಾರೆ, ಅದನ್ನು ಓದಿ. ತಡವಾಯಿತು ಎಂದು ಬೈದವರಿಗೂ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದರೆ ಒಳ್ಳೆಯ ಗುರುತು.

ಮನುಷ್ಯರನ್ನು ಹುಡುಕಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಯಾವ ಊರಲ್ಲಾದರೂ ನಾಣ್ಯದ ಹುಚ್ಚು ಇರುವ ಒಬ್ಬ ಮೇಷ್ಟ್ರೋ, ಬ್ಯಾಂಕಿನಿಂದ ನಿವೃತ್ತರಾದವರೋ ಇದ್ದೇ ಇರುತ್ತಾರೆ. ಶಿವಮೊಗ್ಗದ ಗಾಂಧಿಬಜಾರಿನ ಬೆಳ್ಳಿ ಬಂಗಾರದ ಅಂಗಡಿಗಳಲ್ಲಿ ಕೇಳಿದರೆ ಯಾರು ಹಳೇ ನಾಣ್ಯ ಹುಡುಕಿಕೊಂಡು ಬರುತ್ತಾರೆ ಎಂದು ಹೇಳುತ್ತಾರೆ. ಅವರ ಮನೆಗೆ ಹೋಗಿ ಕಾಫಿ ಕುಡಿಯುತ್ತಾ ಕೂತರೆ ಒಂದು ಸಂಜೆಗೆ ಅರ್ಧ ರಾಜ್ಯದ ವ್ಯಾಪಾರಿಗಳ ಜಾತಕ ಸಿಗುತ್ತದೆ. ಮೇಳಗಳಿಗೆ ಹೋದಾಗ ಮೊದಲ ದಿನ ಏನೂ ಕೊಳ್ಳಬೇಡಿ, ಸುಮ್ನೆ ಮಾತಾಡಿ. ಒಬ್ಬ ವ್ಯಾಪಾರಿಯ ಬಗ್ಗೆ ಇನ್ನೊಬ್ಬ ವ್ಯಾಪಾರಿ ಹೇಳುವುದನ್ನು ಮಾತ್ರ ಅರ್ಧಕ್ಕೆ ಅರ್ಧ ಕಳೆದು ಕೇಳಿಸಿಕೊಳ್ಳಿ.

"ಅವರು ಒಳ್ಳೆಯವರಾ?" ಎಂದು ಕೇಳಿದರೆ ನಮ್ಮ ಕಡೆ ಯಾರೂ ಕೆಟ್ಟವರು ಅನ್ನುವುದಿಲ್ಲ. "ಏನೋಪ್ಪ, ಅಡ್ಡಿಲ್ಲ" ಅನ್ನುತ್ತಾರೆ. ಬದಲಿಗೆ "ನೀವು ಯಾವತ್ತಾದರೂ ಅವರಿಗೆ ನಾಣ್ಯ ವಾಪಸ್ ಕೊಟ್ಟಿದ್ದೀರಾ? ದುಡ್ಡು ಬಂತಾ? ಎಷ್ಟು ದಿನಕ್ಕೆ?" ಎಂದು ಕೇಳಿ. ಎರಡನೆಯ ಪ್ರಶ್ನೆ: "ಅವರಿಂದ ಕೊಂಡಿದ್ದನ್ನು ಅವರಿಗೇ ಮಾರಲು ಹೋದರೆ ಏನಂದರು?" ತಾನೇ ಮಾರಿದ್ದನ್ನು "ಇದು ಅಷ್ಟು ಚೆನ್ನಾಗಿಲ್ಲ" ಎಂದು ಕಾಲು ಬೆಲೆಗೆ ಕೇಳುವವರಿದ್ದಾರೆ. ವ್ಯಾಪಾರಿಗೆ ಲಾಭ ಬೇಕು, ಒಪ್ಪೋಣ. ಆದರೆ ನಾಣ್ಯದ ಗುಣ ಅವರ ಕೈಯಿಂದ ನಮ್ಮ ಕೈಗೆ ಬರುವಷ್ಟರಲ್ಲಿ ಬದಲಾಗಬಾರದು ಅಲ್ವಾ?

ವ್ಯಾಪಾರಿಗೆ ಒಂದು ಸಣ್ಣ ಪರೀಕ್ಷೆ

ನಾಣ್ಯದ ಬಗ್ಗೆ ಸ್ವಲ್ಪ ಓದಿಕೊಂಡು ಹೋಗಿ, ಏನೂ ಗೊತ್ತಿಲ್ಲದವರ ಹಾಗೆ ಕೇಳಿ. ನಾನು ನಮ್ಮೂರ ನಾಣ್ಯದಿಂದಲೇ ಶುರು ಮಾಡುತ್ತೇನೆ.

ಇಕ್ಕೇರಿ ವರಹ ಅಂದರೆ ಕೆಳದಿ ಅರಸರ ಬಂಗಾರದ ನಾಣ್ಯ. ಅದರ ಒಂದು ಮುಖದಲ್ಲಿ ಶಿವ ಪಾರ್ವತಿ ಕುಳಿತಿರುತ್ತಾರೆ, ಇನ್ನೊಂದು ಮುಖದಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ ಎಂದು ಇರುತ್ತದೆ. ತೂಕ ಹತ್ತಿರ ಹತ್ತಿರ 3.4 ಗ್ರಾಂ. 1763ರಲ್ಲಿ ಹೈದರ್ ಅಲಿ ಬಿದನೂರನ್ನು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರವನ್ನು ಗೆದ್ದ. ಗೆದ್ದ ಮೇಲೆ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಜನ ನಂಬಿದ್ದ ನಾಣ್ಯ ಅದು. ಹಿಂದಿನ ಮುಖದಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದ. ಹಾಗಾಗಿ ಶಿವ ಪಾರ್ವತಿ ಇರುವ ಮುಖದ ಫೋಟೋ ಒಂದನ್ನೇ ತೋರಿಸಿ "ಇದು ಯಾರ ಕಾಲದ್ದು?" ಎಂದು ಕೇಳಿ. "ಹಿಂದೆ ತಿರುಗಿಸಿ ನೋಡಬೇಕು" ಅಂದರೆ ಅವರಿಗೆ ಕೆಲಸ ಗೊತ್ತು. ನೋಡದೆಯೇ "ಕೆಳದಿ ಚೆನ್ನಮ್ಮನ ಕಾಲದ್ದು, ಬಹಳ ರೇರ್" ಅಂದರೆ ನೀವು ಕಾಫಿ ಕುಡಿಯಲು ಹೊರಡಬಹುದು.

ಬ್ರಿಟಿಷ್ ನಾಣ್ಯದವರಿಗೆ 1911ರ ರೂಪಾಯಿ ಕೇಳಿ. ಐದನೇ ಜಾರ್ಜ್ ದೊರೆಯ ಕೊರಳ ಸರದಲ್ಲಿದ್ದ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಗಲಾಟೆಯಾಗಿ, 1912ರಲ್ಲಿ ಅದರ ಚಿತ್ರ ತಿದ್ದಿದರು. ನಿಜವಾಗಿ ಆಸಕ್ತಿ ಇರುವ ವ್ಯಾಪಾರಿ ಈ ಕಥೆಯನ್ನು ನೀವು ಕೇಳದಿದ್ದರೂ ಹೇಳುತ್ತಾರೆ.

ಅವರು ನಾಣ್ಯ ಇಟ್ಟುಕೊಂಡ ರೀತಿಯನ್ನೂ ಗಮನಿಸಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣವೇ ಕರಗುತ್ತದೆ, ಇನ್ನು ತಾಮ್ರದ ಪಾಡೇನು? ಇನ್ನೂರು ವರ್ಷದ ತಾಮ್ರದ ಕಾಸುಗಳೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಹಾಗೆ ಫಳಫಳ ಹೊಳೆಯುತ್ತಿದ್ದರೆ ಯಾರೋ ತೊಳೆದಿದ್ದಾರೆ. ತೊಳೆದ ನಾಣ್ಯಕ್ಕೆ ಬೆಲೆ ಬಿದ್ದುಹೋಗುತ್ತದೆ. "ತೊಳೆದಿದ್ದೀರಾ?" ಎಂದು ನೇರವಾಗಿ ಕೇಳಿ. "ಹೌದು, ನನಗೆ ಬರುವಾಗಲೇ ಹೀಗಿತ್ತು, ಅದಕ್ಕೇ ಕಡಿಮೆ ಹೇಳ್ತಿದ್ದೀನಿ" ಎಂದವರ ಹತ್ತಿರ ನಾನು ಎರಡು ನಾಣ್ಯ ಜಾಸ್ತಿಯೇ ಕೊಂಡಿದ್ದೇನೆ.

ಕಣ್ಣು ಪಳಗಬೇಕು ಎಂದರೆ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಆಗುಂಬೆ ಘಾಟಿ ಇಳಿದರೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಹಳೇ ಮನೆ ಇದೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದವರು ಅವರು. ಆ ಮನೆಯನ್ನು ನಾಣ್ಯದ ಸಂಗ್ರಹಾಲಯ ಮಾಡಿದ್ದಾರೆ. ಅಸಲಿಯನ್ನು ನೂರು ಸಲ ನೋಡಿದವರಿಗೆ ನಕಲಿ ತಾನಾಗಿಯೇ ಚುಚ್ಚುತ್ತದೆ.

ಫೋನಿನಲ್ಲಿ ಕೊಳ್ಳುವಾಗ

ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಯಾವುದೋ ಹಳೇ ಹರಾಜಿನ ಚಿತ್ರ ಎತ್ತಿಕೊಂಡು ಬಂದಿದ್ದರೆ ಗೊತ್ತಾಗುತ್ತದೆ. ಇಲ್ಲದಿದ್ದರೂ ಹೊಸ ಫೋಟೋ ಕೇಳಿ: ಎರಡೂ ಮುಖ, ಅಂಚು, ಸಣ್ಣ ತಕ್ಕಡಿಯ ಮೇಲೆ ನಾಣ್ಯ, ಪಕ್ಕದಲ್ಲಿ ಇವತ್ತಿನ ತಾರೀಕು ಮತ್ತು ನಿಮ್ಮ ಹೆಸರು ಬರೆದ ಚೀಟಿ. ನಾಣ್ಯ ಅವರ ಕೈಯಲ್ಲಿ ಇದ್ದರೆ ಎರಡು ನಿಮಿಷದ ಕೆಲಸ. "ಇನ್ನೊಬ್ಬರು ಕಾಯ್ತಿದ್ದಾರೆ, ಅರ್ಧ ಗಂಟೇಲಿ ದುಡ್ಡು ಹಾಕಿ" ಎಂದರೆ ಆ ಇನ್ನೊಬ್ಬರಿಗೇ ಹೋಗಲಿ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದ ನಾಣ್ಯ ಈಗ ಬಹಳ ಬರುತ್ತಿವೆ. ಎನ್‌ಜಿಸಿ, ಪಿಸಿಜಿಎಸ್ ಎಂಬ ಅಮೆರಿಕದ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ 70ರವರೆಗೆ ಅಂಕ ಕೊಟ್ಟು ಹೀಗೆ ಸೀಲ್ ಮಾಡುತ್ತವೆ. ಡಬ್ಬಿಯ ಮೇಲಿನ ನಂಬರನ್ನು ಅವರ ತಾಣದಲ್ಲಿ ಹಾಕಿ ನೋಡಬಹುದು. ನಂಬರ್ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ. ಅಸಲಿ ನಂಬರನ್ನೇ ನಕಲಿ ಡಬ್ಬಿಗೆ ಹಾಕುವವರಿದ್ದಾರೆ. ತಾಣದಲ್ಲಿ ಫೋಟೋ ಇದ್ದರೆ ಗೀರು, ಕಲೆ ಒಂದೊಂದನ್ನೂ ಹೊಂದಿಸಿ. ವ್ಯಾಪಾರಿ ತಾನೇ ಮುದ್ರಿಸಿ ಕೊಡುವ ಬಣ್ಣಬಣ್ಣದ ಸರ್ಟಿಫಿಕೇಟಿಗೆ ಕಾಗದದಷ್ಟೇ ಬೆಲೆ.

ಬೆಲೆಯ ವಿಷಯದಲ್ಲಿ ಹರಾಜು ಸಂಸ್ಥೆಗಳ ಹಳೇ ಫಲಿತಾಂಶ ನೋಡುವುದು ಒಳ್ಳೆಯ ದಾರಿ. ಮುಂಬೈ, ಬೆಂಗಳೂರಿನ ಸಂಸ್ಥೆಗಳು ಯಾವ ನಾಣ್ಯ ಎಷ್ಟಕ್ಕೆ ಹೋಯಿತು ಎಂದು ಪ್ರಕಟಿಸುತ್ತವೆ. ಆ ಬೆಲೆಯ ಮೇಲೆ ಅವರ ಕಮಿಷನ್ ಬೇರೆ ಸೇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಜಾಸ್ತಿ ಹೇಳುವವರಿಗಿಂತ ತೀರಾ ಕಡಿಮೆ ಹೇಳುವವರ ಬಗ್ಗೆ ನನಗೆ ಭಯ. 3.4 ಗ್ರಾಂ ವರಹವನ್ನು ಆ ದಿನದ ಚಿನ್ನದ ರೇಟಿಗಿಂತ ಕಡಿಮೆಗೆ ಯಾರು ಕೊಡುತ್ತಾರೆ? ಕರಗಿಸಿದರೇ ಜಾಸ್ತಿ ಬರುತ್ತದಲ್ಲ.

ಮೊದಲ ವ್ಯಾಪಾರ ಸಣ್ಣದಿರಲಿ

ಎಲ್ಲ ಸರಿ ಅನಿಸಿದ ಮೇಲೂ ಮೊದಲ ಸಲ ನಿಮಗೆ ಚೆನ್ನಾಗಿ ಗೊತ್ತಿರುವ ಐನೂರೋ ಸಾವಿರವೋ ರೂಪಾಯಿಯ ನಾಣ್ಯ ಒಂದನ್ನು ಕೊಳ್ಳಿ. ಹೇಳಿದ ದಿನ ಬಂತಾ, ಹೇಳಿದ ಗುಣ ಇದೆಯಾ, ಪ್ಯಾಕಿಂಗ್ ಹೇಗೆ ಮಾಡಿದ್ದಾರೆ ನೋಡಿ. ಸಣ್ಣ ಗಿರಾಕಿಯ ಜೊತೆ ಅವರು ಹೇಗಿರುತ್ತಾರೆ ಅನ್ನುವುದು ಅಲ್ಲಿಯೇ ತಿಳಿಯುತ್ತದೆ.

ದೊಡ್ಡದಕ್ಕೆ ಕೈ ಹಾಕುವ ದಿನ ಬಿಲ್ಲಿನಲ್ಲಿ ಇಷ್ಟು ಬರೆಸಿ: ನಾಣ್ಯದ ಹೆಸರು, ಇಸವಿ, ಟಂಕಸಾಲೆ, ಲೋಹ, ತೂಕ, ಮತ್ತು "ನಕಲಿ ಅಥವಾ ತಿದ್ದಿದ್ದು ಎಂದು ತಿಳಿದರೆ ಪೂರ್ತಿ ಹಣ ವಾಪಸ್" ಎಂಬ ಒಂದು ಸಾಲು. "ತಿದ್ದಿದ್ದು" ಎಂಬ ಪದ ಬಿಡಬೇಡಿ. ನನ್ನ ರೂಪಾಯಿ ನಕಲಿ ಆಗಿರಲಿಲ್ಲ, ತಿದ್ದಿದ್ದಾಗಿತ್ತು. ಬರೀ "ಹಳೇ ನಾಣ್ಯ 1" ಎಂದು ಬರೆದ ಬಿಲ್ಲು ಯಾವ ಕೆಲಸಕ್ಕೂ ಬಾರದು. ಬಾಯಲ್ಲಿ ಒಪ್ಪಿ, ಬರೆಯಲು ಹಿಂಜರಿದರೆ ಅಲ್ಲೇ ನಿಲ್ಲಿಸಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಯುಪಿಐನಲ್ಲಿ ಕಾಣುವ ಹೆಸರು ಬಿಲ್ಲಿನ ಹೆಸರಿಗೆ ಹೊಂದಬೇಕು. "ಅಣ್ಣನ ಮಗನ ನಂಬರಿಗೆ ಹಾಕಿ" ಎಂಬುದೆಲ್ಲ ಬೇಡ. ಕೊರಿಯರ್ ಬಂದರೆ ಕವರ್ ಒಡೆಯುವುದನ್ನು ಒಂದೇ ಓಟದಲ್ಲಿ ವಿಡಿಯೋ ಮಾಡಿ.

ಆದರೂ ಎಡವಿದರೆ

ದುಡ್ಡು ಹಾಕಿದ ಮೇಲೆ ಮನುಷ್ಯ ಮಾಯವಾದರೆ ಯೋಚಿಸುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಮೋಸದ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಅಂಗಡಿ ಇದೆ, ಬಿಲ್ ಇದೆ, ವಾಪಸ್ ಮಾತ್ರ ಕೊಡುತ್ತಿಲ್ಲ ಎಂದಾದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ವ್ಯಾಪಾರಿ ಮುಂಬೈಯಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ.

ನನ್ನ ಹತ್ತಿರ ಬಿಲ್ ಇರಲಿಲ್ಲವಾದ್ದರಿಂದ ಇದು ಯಾವುದೂ ನನಗೆ ಒದಗಲಿಲ್ಲ. ಆ ರೂಪಾಯಿ ಈಗಲೂ ನನ್ನ ಪಾಕೀಟಿನಲ್ಲಿದೆ. ಹೊಸ ವ್ಯಾಪಾರಿ ಸಿಕ್ಕಾಗ ತೆಗೆದು ಮುಂದಿಡುತ್ತೇನೆ, ಮಾರಲು ಅಲ್ಲ. "ಇದು ಹೇಗಿದೆ ನೋಡಿ" ಅನ್ನುತ್ತೇನೆ, ಅಷ್ಟೇ. ಒಬ್ಬರು ಅದನ್ನು ಬೆರಳಲ್ಲಿ ತಿರುಗಿಸಿ, ತೂಗದೆಯೇ, ಒಳ್ಳೇ ಬೆಲೆ ಹೇಳಿದರು. ಇನ್ನೊಬ್ಬರು ಲೆನ್ಸ್ ತೆಗೆದು ಇಸವಿಯ ಮೇಲೆ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು, "ಯಾರು ಕೊಟ್ಟರು ನಿಮಗೆ ಇದನ್ನ?" ಎಂದು ಕೇಳಿದರು. ಈಗ ನಾನು ಕೊಳ್ಳುವುದು ಅವರ ಹತ್ತಿರ.